ಊರುಗೋಲು ಹಿಡಿದು ಹಡಗು ಹತ್ತಿದ್ದು

ಕಾಲು ಮುರಿದವರು ಮನೆಯಲ್ಲಿರುವುದೇ ಕ್ಷೇಮ ಎಂದು ಎಲ್ಲರೂ ಹೇಳುತ್ತಾರೆ. ನನಗೂ ಹೇಳಿದರು. ಆದರೆ ಕಾಸರಗೋಡಿನ ನಮ್ಮ ಕಡೆಯ ಮನೆಗಳು ಹೇಗಿವೆ ನೋಡಿ. ರಸ್ತೆ ಗುಡ್ಡದ ಮೇಲೆ, ಮನೆ ಅದರ ಕೆಳಗೆ, ತೋಟ ಇನ್ನೂ ಕೆಳಗೆ. ರಸ್ತೆಯಿಂದ ಅಂಗಳಕ್ಕೆ ಇಳಿಯಲು ಮುರಕಲ್ಲಿನ ಮೆಟ್ಟಿಲು. ಅಂಗಳದಿಂದ ಜಗಲಿಗೆ ಮತ್ತೆ ಮೆಟ್ಟಿಲು. ಜಗಲಿಯಿಂದ ಒಳಗೆ ಕಾಲಿಡಲು ಎತ್ತರದ ಹೊಸ್ತಿಲು. ಬಚ್ಚಲಿಗೆ ಹೋಗಬೇಕಾದರೆ ಪುನಃ ಇಳಿಯಬೇಕು. ಇಂಥ ಮನೆಯಲ್ಲಿ ಪಾದದ ಗಂಟು ಮುರಿದುಕೊಂಡು ಕೂತರೆ ಒಂದು ಲೋಟ ನೀರಿಗೂ ಯಾರನ್ನಾದರೂ ಕರೆಯಬೇಕಾಗುತ್ತದೆ. ನಾನು ಬಿದ್ದ ಮೇಲೆ ಯಾರ ಕೈಯನ್ನೂ ಹಿಡಿಯದೆ, ಯಾರನ್ನೂ ಕೂಗದೆ, ನನಗೆ ಬೇಕಾದಲ್ಲಿಗೆ ಹೋಗಿ ಬಂದದ್ದು ಮೊದಲು ಹಡಗಿನಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಾಲಿಗೆ ಪೆಟ್ಟಾಯಿತು ಎಂದು ಟಿಕೆಟ್ ರದ್ದು ಮಾಡಲು ಹೊರಟವರು ಇದನ್ನೊಮ್ಮೆ ಓದಿ ಆಮೇಲೆ ತೀರ್ಮಾನಿಸಲಿ.

ನನ್ನದು ಬಲಗಾಲು. ಪಾದದ ಗಂಟಿನ ಎರಡೂ ಬದಿಯ ಮೂಳೆ ಮುರಿದಿತ್ತು. ದೀಪಾವಳಿ ಕಳೆದ ಮೇಲಿನ ಮಳೆಗೆ ಮೆಟ್ಟಿಲು ಪಾಚಿ ಹಿಡಿದಿತ್ತು, ಜಾರಿದೆ. ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಪ್ಲೇಟ್, ಸ್ಕ್ರೂ ಹಾಕಿದರು. ಮೊದಲು ಕಾಲು ನೆಲಕ್ಕೆ ತಾಗಿಸಲೇಬಾರದು ಎಂದರು, ಆಮೇಲೆ ವಾಕರ್ ಹಿಡಿದು ಸ್ವಲ್ಪ ಭಾರ, ಆಮೇಲೆ ಊರುಗೋಲು. ಇಂಥ ಗಾಯ ಆದವರಿಗೆಲ್ಲ ಈ ಹಂತಗಳು ಗೊತ್ತೇ ಇರುತ್ತವೆ.

ಪ್ರವಾಸ ಅದಕ್ಕಿಂತ ಮೊದಲೇ ನಿಗದಿಯಾಗಿತ್ತು. ಕೊಚ್ಚಿಯಿಂದ ಹೊರಟು, ಲಕ್ಷದ್ವೀಪದ ಕಡಮತ್ ತೋರಿಸಿ, ಮುಂಬೈಗೆ ಹೋಗುವ ಹಡಗು. ಬೆಂಗಳೂರಿನಲ್ಲಿರುವ ಮಗ ನನಗೂ ನಮ್ಮ ಯಜಮಾನರಿಗೂ, ನನ್ನ ತಂಗಿ ಮತ್ತು ಭಾವನಿಗೂ ಬುಕ್ ಮಾಡಿದ್ದ. ಹೊರಡುವುದು ಫೆಬ್ರವರಿಯಲ್ಲಿ. ಆಗ ಅರಬ್ಬಿ ಸಮುದ್ರ ಶಾಂತವಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆಗಾಲದಲ್ಲಾದರೆ ಈ ಯೋಚನೆಯೇ ಬೇಡ.

ಕಡಮತ್ತಿನ ಮೇಲೆ ನನಗೆ ಹಳೆಯ ಆಸೆ. ಪೆರ್ಲದ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ಸಮಾಜ ಪಾಠ ಮಾಡುತ್ತಿದ್ದವಳು ನಾನು. ಕಡಮತ್, ಅಮಿನಿ, ಕಿಲ್ತಾನ್, ಚೆತ್ಲಾತ್, ಬಿತ್ರ, ಈ ಐದಕ್ಕೆ ಅಮಿನ್‌ದಿವಿ ದ್ವೀಪಗಳು ಎಂದು ಹೆಸರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರ ಕೈಗೆ ಬಂದು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಕಲೆಕ್ಟರೇ ಅವಕ್ಕೂ ಕಲೆಕ್ಟರ್. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಅದೇ ದಿನ ಆ ದ್ವೀಪಗಳೂ ಜಿಲ್ಲೆಯಿಂದ ಬೇರೆಯಾಗಿ ಕೇಂದ್ರಾಡಳಿತಕ್ಕೆ ಸೇರಿದವು. ಮಂಗಳೂರಿನ ಹಳೆ ಬಂದರಿನಿಂದ ಇಂದಿಗೂ ಅಲ್ಲಿಗೆ ಸಾಮಾನು ಹೋಗುತ್ತದೆ. ಮಕ್ಕಳಿಗೆ ಇದನ್ನು ಹೇಳಿಕೊಡುವಾಗಲೆಲ್ಲ ಒಮ್ಮೆ ಕಣ್ಣಾರೆ ನೋಡಬೇಕು ಅನಿಸುತ್ತಿತ್ತು. ಹಾಗಾಗಿ ಸುಮ್ನೆ ಬಿಟ್ಟುಬಿಡಲು ಮನಸ್ಸು ಬರಲಿಲ್ಲ.

ಮೊದಲು ಡಾಕ್ಟರ ಹತ್ತಿರ ಹೋದೆ. "ಹೋಗಬಹುದಾ" ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಯಾವ ಡಾಕ್ಟರೂ "ಯಾಕಮ್ಮ, ಈಗಲೇ?" ಎನ್ನುತ್ತಾರೆ. ಅಲ್ಲಿ ಏನೇನು ಮಾಡಬೇಕಾಗುತ್ತದೆ ಎಂದು ಬರೆದುಕೊಂಡು ಹೋಗಿ. ಎಷ್ಟು ಹೊತ್ತು ರೈಲಿನಲ್ಲಿ ಕೂರುವುದು, ಎಷ್ಟು ಮೆಟ್ಟಿಲು, ಹಡಗಿನ ನೆಲ ಅಲುಗಾಡುತ್ತದೆ, ದ್ವೀಪಕ್ಕೆ ಹೋಗಲು ಸಣ್ಣ ದೋಣಿ, ಎಲ್ಲವನ್ನೂ ನಾನು ಹೇಳಿದೆ. ಅವರು ಎಕ್ಸ್‌ರೇ ನೋಡಿದರು. ಮೂಳೆ ಕೂಡಿಕೊಳ್ಳುತ್ತಿದೆಯೇ, ಗಾಯ ಪೂರ್ತಿ ಒಣಗಿದೆಯೇ, ಸಂಜೆ ಬಂದ ಬಾವು ಬೆಳಗಾಗುವಾಗ ಇಳಿಯುತ್ತದೆಯೇ ಎಂದು ವಿಚಾರಿಸಿದರು. ಕೊನೆಗೆ, "ಹೋಗಿ ಬನ್ನಿ ಟೀಚರೇ. ಆದರೆ ಸಣ್ಣ ದೋಣಿಗೆ ಇಳಿಯುವುದು ಬೇಡ, ಅದೊಂದು ಮಾತು ಕೊಡಿ" ಎಂದರು. ಕೊಟ್ಟೆ.

ಅವರಿಂದ ಒಂದು ಪತ್ರ ಬರೆಸಿಕೊಂಡೆ. ಯಾವ ಮೂಳೆ, ಯಾವಾಗ ಆಪರೇಷನ್, ಒಳಗೆ ಲೋಹ ಇದೆ, ಕಾಲಿನ ಮೇಲೆ ಎಷ್ಟು ಭಾರ ಬಿಡಬಹುದು, ಯಾವ ಮಾತ್ರೆ ನಡೆಯುತ್ತಿದೆ, ಎಲ್ಲ ಒಂದೇ ಪುಟದಲ್ಲಿ. ಅದನ್ನೂ ಡಿಸ್ಚಾರ್ಜ್ ಸಮ್ಮರಿಯನ್ನೂ ಫೋನಿನಲ್ಲಿ ಫೋಟೋ ಮಾಡಿಟ್ಟು, ಪ್ರತಿಯನ್ನು ಕೈಚೀಲದಲ್ಲೂ ಇಟ್ಟುಕೊಂಡೆ. ಬಂದರಿನ ತಪಾಸಣೆಯಲ್ಲಿ ಯಂತ್ರ ಕಾಲಿನ ಹತ್ತಿರ ಕೂಗಿದಾಗ ಆ ಪತ್ರ ತೋರಿಸಿದ್ದರಿಂದ ಕೆಲಸ ಕೂಡಲೇ ಮುಗಿಯಿತು. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ. ಅವರಿಗೆ ನಮ್ಮ ಕಥೆ ಮೊದಲಿನಿಂದ ಹೇಳುವುದಕ್ಕಿಂತ ಈ ಒಂದು ಪುಟ ಸಾಕು.

ಇನ್ನೊಂದು ವಿಷಯ ಡಾಕ್ಟರು ಒತ್ತಿ ಹೇಳಿದ್ದು, ರಕ್ತ ಹೆಪ್ಪುಗಟ್ಟುವುದರ ಬಗ್ಗೆ. ಕಾಲು ಮುರಿದವರು ಗಂಟೆಗಟ್ಟಲೆ ಕೂತರೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ಒಂದೇ ಕಾಲು ಏಕಾಏಕಿ ಊದಿ ಬಿಸಿಯಾದರೆ, ಮೀನಖಂಡ ಮುಟ್ಟಿದರೆ ನೋವಾದರೆ, ಉಸಿರು ಕಟ್ಟಿದರೆ ನಾಳೆ ನೋಡೋಣ ಎನ್ನಬಾರದು, ಕೂಡಲೇ ತೋರಿಸಬೇಕು. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು, ಆಗಾಗ ಎದ್ದು ನಾಲ್ಕು ಹೆಜ್ಜೆ ಇಡಬೇಕು, ನೀರು ಚೆನ್ನಾಗಿ ಕುಡಿಯಬೇಕು. ಪದೇ ಪದೇ ಏಳಬೇಕಾಗುತ್ತದೆ ಎಂದು ಪ್ರಯಾಣದಲ್ಲಿ ನೀರು ಕಡಿಮೆ ಕುಡಿಯುವ ಅಭ್ಯಾಸ ನಮ್ಮ ಹೆಂಗಸರಲ್ಲಿ ಜಾಸ್ತಿ. ಈ ಹೊತ್ತಿನಲ್ಲಿ ಅದು ಖಂಡಿತ ಬೇಡ.

ಆಮೇಲೆ ಹಡಗಿನವರಿಗೆ ಫೋನ್. ಮೊದಲು ಮಾತಾಡಿದ ಹುಡುಗ "ಎಲ್ಲ ವ್ಯವಸ್ಥೆ ಇದೆ ಮೇಡಂ, ಏನೂ ತೊಂದರೆ ಇಲ್ಲ" ಎಂದು ಇಟ್ಟುಬಿಟ್ಟ. ಇಂಥ ಉತ್ತರದಿಂದ ನಮಗೆ ಉಪಯೋಗವಿಲ್ಲ. ಮಗ ಇಮೇಲಿನಲ್ಲಿ ಒಂದೊಂದಾಗಿ ಕೇಳಿದ. ಕ್ಯಾಬಿನ್ ಬಾಗಿಲು ಎಷ್ಟು ಅಗಲ? ಬಚ್ಚಲಿನ ಬಾಗಿಲಲ್ಲಿ ಹೊಸ್ತಿಲಿದೆಯೇ, ಎಷ್ಟು ಎತ್ತರ? ಒಳಗೆ ಹಿಡಿದುಕೊಳ್ಳಲು ಸರಳು ಇದೆಯೇ? ಕೂತು ಸ್ನಾನ ಮಾಡಲು ಸ್ಟೂಲ್ ಕೊಡುತ್ತೀರಾ? ನಿಮ್ಮ ವೀಲ್‌ಚೇರ್ ಹತ್ತಿ ಇಳಿಯುವುದಕ್ಕೆ ಮಾತ್ರವೋ, ಇಡೀ ಪ್ರಯಾಣಕ್ಕೋ? ಹೀಗೆ ಕೇಳಿದಾಗ ಹೀಗೆಯೇ ಉತ್ತರ ಬಂತು.

ದೊಡ್ಡ ಹಡಗುಗಳಲ್ಲಿ ವೀಲ್‌ಚೇರಿನವರಿಗೆಂದೇ ಕೆಲವು ಕ್ಯಾಬಿನ್‌ಗಳಿರುತ್ತವೆ. ಅಗಲ ಬಾಗಿಲು, ಬಚ್ಚಲಿಗೆ ಹೊಸ್ತಿಲಿಲ್ಲ, ಗೋಡೆಗೆ ಸರಳು, ಕೂತು ಮೀಯಲು ಮಡಚುವ ಕುರ್ಚಿ. ಆದರೆ ಅವು ತೀರಾ ಕಡಿಮೆ, ಬೇಗ ಹೋಗಿಬಿಡುತ್ತವೆ. ನಮಗೆ ಸಿಗಲಿಲ್ಲ. ಕಾಯಂ ವೀಲ್‌ಚೇರಿನಲ್ಲೇ ಇರುವವರಿಗೆ ಅವು ಸಿಗಬೇಕಾದ್ದೇ ನ್ಯಾಯ, ನಾನು ನಾಲ್ಕು ಹೆಜ್ಜೆ ನಡೆಯಬಲ್ಲೆ. ಅದರ ಬದಲು ಕೇಳಿ ಪಡೆದದ್ದು ಎರಡು. ಒಂದು, ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕ್ಯಾಬಿನ್. ಹಡಗು ತೂಗುವುದು ಮುಂದೆ, ಹಿಂದೆ ಮತ್ತು ಮೇಲೆ ಜಾಸ್ತಿ, ನಡುವೆ ಕೆಳಗೆ ಕಡಿಮೆ. ಎರಡು, ಲಿಫ್ಟಿಗೆ ಹತ್ತಿರ. ಹಡಗಿನ ಓಣಿಗಳು ಎಷ್ಟು ಉದ್ದ ಎಂದು ನೋಡದವರಿಗೆ ಗೊತ್ತಾಗದು. ಲಿಫ್ಟ್ ದೂರವಾದರೆ ಊಟಕ್ಕೆ ಹೋಗಿ ಬರುವುದರಲ್ಲೇ ಕಾಲು ಸೋತುಹೋಗುತ್ತದೆ.

ಹಡಗಿನ ವೀಲ್‌ಚೇರ್ ಹತ್ತಿ ಇಳಿಯುವುದಕ್ಕೆ ಮಾತ್ರ ಎಂದು ಗೊತ್ತಾದ್ದರಿಂದ ನಮ್ಮದೇ ಒಂದು ಬೇಕಾಯಿತು. ಕೊಳ್ಳುವ ಅಗತ್ಯ ಬರಲಿಲ್ಲ. ಕೇರಳದಲ್ಲಿ ಪಂಚಾಯತ್ ಪಂಚಾಯತಿನಲ್ಲೂ ಪಾಲಿಯೇಟಿವ್ ಘಟಕಗಳಿವೆ. ಹಾಸಿಗೆ ಹಿಡಿದವರ ಮನೆಗೆ ನರ್ಸ್ ಬಂದು ನೋಡಿಕೊಂಡು ಹೋಗುತ್ತಾರೆ, ವೀಲ್‌ಚೇರ್, ವಾಕರ್ ಬೇಕಾದವರಿಗೆ ಬಳಸಿ ಹಿಂದಿರುಗಿಸಲು ಕೊಡುತ್ತಾರೆ. ನಮ್ಮ ಎಣ್ಮಕಜೆ ಕಡೆ ವೀಲ್‌ಚೇರ್ ಎಂದರೆ ಹೊಸದಲ್ಲ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು ಇದು. ದೇಶದಲ್ಲಿ ಅದಕ್ಕೆ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಅಷ್ಟರಲ್ಲಿ ಎಷ್ಟೋ ಮಕ್ಕಳ ಬಾಳು ಹಾಸಿಗೆಗೆ, ಕುರ್ಚಿಗೆ ಕಟ್ಟಿಬಿದ್ದಿತ್ತು. ಅಂಥ ಮಕ್ಕಳ ತಾಯಂದಿರು ನನಗೆ ಪರಿಚಯದವರು. ಇಳಿಜಾರಿನಲ್ಲಿ ಕುರ್ಚಿಯನ್ನು ಹೇಗೆ ಹಿಡಿಯಬೇಕು, ಇಳಿಸುವಾಗ ಹಿಮ್ಮುಖವಾಗಿ ಯಾಕೆ ಇಳಿಸಬೇಕು, ಕೂತವರು ಏಳುವ ಮೊದಲು ಎರಡೂ ಬ್ರೇಕ್ ಹೇಗೆ ನೋಡಬೇಕು ಎಂದು ನಮ್ಮವರಿಗೆ ಹೇಳಿಕೊಟ್ಟದ್ದು ಅವರಲ್ಲೊಬ್ಬರು. ನನ್ನ ಮೂಳೆ ಕೂಡಿಕೊಳ್ಳುತ್ತದೆ, ಆ ಮಕ್ಕಳದ್ದು ಹಾಗಲ್ಲ. ಬಂದರು, ಹಡಗು, ಬಸ್ಸು, ರೈಲು ಎಲ್ಲದಕ್ಕೂ ಕುರ್ಚಿ ಏರುವ ಹಾಗೆ ದಾರಿ ಇರಲೇಬೇಕು ಎಂದು ನಾನು ಹಟದಿಂದ ಹೇಳುವುದು ಅವರನ್ನು ನೆನೆದು.

ಹೊರಡುವ ಮೊದಲು ಮನೆಯಲ್ಲೇ ಅಭ್ಯಾಸ ಮಾಡಿದೆ. ಮಾಮೂಲಿ ಕ್ಯಾಬಿನ್‌ಗಳ ಬಚ್ಚಲಿಗೆ ಹೊಸ್ತಿಲು ಇರುತ್ತದೆ, ನೀರು ಹೊರಗೆ ಬಾರದ ಹಾಗೆ. ನಮ್ಮ ಹಳೆ ಮನೆಯ ಹೊಸ್ತಿಲು ಅದಕ್ಕಿಂತ ಎತ್ತರ. ದಿನಾ ಅದನ್ನೇ ದಾಟಿದೆ. ನಿಯಮ ಸುಲಭ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲು ಯಾವಾಗಲೂ ನೋವಿನ ಕಾಲಿನ ಜೊತೆಗೇ ಹೋಗಬೇಕು. ಒಂದೇ ಕೋಲು ಹಿಡಿಯುವಾಗ ನೋವಿರುವ ಬದಿಯ ಕೈಯಲ್ಲಲ್ಲ, ಆಚೆ ಬದಿಯ ಕೈಯಲ್ಲಿ ಹಿಡಿಯಬೇಕು. ನನಗೆ ಬಲಗಾಲು ನೋವು, ಕೋಲು ಎಡಗೈಯಲ್ಲಿ. ಫಿಸಿಯೋ ಹುಡುಗಿ ಇದನ್ನು ನನ್ನಿಂದ ಬಾಯಿಪಾಠ ಮಾಡಿಸಿದಳು. "ಟೀಚರೇ, ನೀವು ಮಗ್ಗಿ ಕಲಿಸಿದ ಹಾಗೆ ನಾನೂ ಕಲಿಸುತ್ತೇನೆ" ಎನ್ನುತ್ತಿದ್ದಳು. ಅವಳು ನೋಡಿದ ಇನ್ನೊಂದು ಸಂಗತಿ, ಕೋಲಿನ ತುದಿಯ ರಬ್ಬರು. ನನ್ನದು ಸವೆದು ನುಣುಪಾಗಿತ್ತು. ಒದ್ದೆ ನೆಲದಲ್ಲಿ ಅದು ಜಾರುವುದು ಖಂಡಿತ. ಹೊಸದು ಹಾಕಿಸಿ, ಇನ್ನೊಂದು ಜೊತೆ ಚೀಲದಲ್ಲಿ ಇಟ್ಟುಕೊಂಡೆ. ಔಷಧದ ಅಂಗಡಿಯಲ್ಲಿ ಸಿಗುವ ಅಗ್ಗದ ವಸ್ತು, ಆದರೆ ಇಡೀ ಮೈಯ ಭಾರ ನಿಲ್ಲುವುದು ಅದರ ಮೇಲೆಯೇ ಅಲ್ವಾ?

ಕಂಕುಳಿಗೆ ಇಡುವ ಊರುಗೋಲು ಬಳಸುವವರು ಇನ್ನೊಂದು ನೋಡಿಕೊಳ್ಳಿ. ಮೇಲಿನ ಮೆತ್ತೆ ಕಂಕುಳಿಗಿಂತ ಎರಡು ಮೂರು ಬೆರಳು ಕೆಳಗಿರಬೇಕು, ಭಾರ ಅಂಗೈ ಮೇಲೆ ಬೀಳಬೇಕು. ಕಂಕುಳನ್ನೇ ಊರಿ ನೇತಾಡಿದರೆ ಅಲ್ಲಿನ ನರಕ್ಕೆ ಪೆಟ್ಟಾಗಿ ಕೈ ಜೋಮು ಹಿಡಿಯುತ್ತದೆ.

ಕೊಚ್ಚಿಗೆ ಕಾರು ಬೇಡವೆಂದು ಮೊದಲೇ ತೀರ್ಮಾನಿಸಿದ್ದೆವು. ಕಾಸರಗೋಡಿನಿಂದ 350 ಕಿಲೋಮೀಟರಿಗೂ ಜಾಸ್ತಿ, ಕಾಲು ಚಾಚಲು ಜಾಗವಿಲ್ಲ. ರೈಲಿನಲ್ಲಿ ಬೇರೆಯವಕ್ಕೆ ಕಡಿದಾದ ಮೆಟ್ಟಿಲು, ವಂದೇ ಭಾರತ್ ಮಾತ್ರ ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ಇರುತ್ತದೆ. ನಿಂತಾಗ ಬಾಗಿಲಿನ ಕೆಳಗಿಂದ ಒಂದು ಹಲಗೆ ತಾನಾಗಿ ಹೊರಗೆ ಬಂದು ಸಂದನ್ನು ಮುಚ್ಚುತ್ತದೆ. ಬೆಳಗ್ಗೆ ಮಂಗಳೂರಿನಿಂದ ಬರುವುದು ಮಧ್ಯಾಹ್ನದ ಹೊತ್ತಿಗೆ ಎರ್ನಾಕುಲಂ ಜಂಕ್ಷನ್ ತಲುಪಿಸುತ್ತದೆ. ಆದರೆ ಕಾಸರಗೋಡಿನಲ್ಲಿ ಅದು ನಿಲ್ಲುವುದು ತೀರಾ ಸ್ವಲ್ಪ ಹೊತ್ತು. ನಮ್ಮ ಬೋಗಿ ಎಲ್ಲಿ ಬರುತ್ತದೆ ಎಂದು ಮೊದಲೇ ಕೇಳಿ ಅಲ್ಲೇ ಕುರ್ಚಿ ನಿಲ್ಲಿಸಿದ್ದೆವು. ಎರ್ನಾಕುಲಂನಲ್ಲಿ ಒಂದು ರಾತ್ರಿ ಉಳಿದೆವು. ರೈಲಿಳಿದು ನೇರ ಹಡಗು ಹತ್ತುವುದು ಇಂಥ ಕಾಲಿಗೆ ಆಗುವ ಕೆಲಸವಲ್ಲ. ಆ ಸಂಜೆ ಬಾವು ಬಂದಿತ್ತು, ದಿಂಬಿಟ್ಟು ಕಾಲನ್ನು ಎದೆಗಿಂತ ಎತ್ತರದಲ್ಲಿಟ್ಟು ಮಲಗಿದೆ, ಬೆಳಗ್ಗೆ ಇಳಿದಿತ್ತು.

ಕೊಚ್ಚಿಯ ಹಡಗು ನಿಲ್ದಾಣ ವಿಲಿಂಗ್ಡನ್ ದ್ವೀಪದಲ್ಲಿದೆ. ಸಾಗರಿಕ ಎಂದು ಹೆಸರು, 2021ರಲ್ಲಿ ಉದ್ಘಾಟನೆಯಾದದ್ದು. ಒಳಗೆ ಎಲ್ಲ ಒಂದೇ ಮಟ್ಟದ ನೆಲ. ಕುರ್ಚಿ ನೋಡಿದ ಕೂಡಲೇ ಒಬ್ಬ ಹುಡುಗ ಬಂದು, "ಚೇಚಿ, ಸಾಲಿನಲ್ಲಿ ನಿಲ್ಲಬೇಡಿ" ಎಂದು ಬೇರೆ ದಾರಿಯಲ್ಲಿ ಕರೆದುಕೊಂಡು ಹೋದ. ಹಡಗಿಗೆ ಏರುವ ಇಳಿಜಾರು ಸೇತುವೆ ನನಗಿದ್ದ ದೊಡ್ಡ ಭಯ. ಅದು ಎಷ್ಟು ಕಡಿದಾಗಿರುತ್ತದೆ ಎನ್ನುವುದು ಭರತ ಇಳಿತದ ಮೇಲೆ ನಿಂತಿದೆ. ಸಿಬ್ಬಂದಿ ಇಬ್ಬರು ಹಿಂದೆ ಮುಂದೆ ಹಿಡಿದು ಸಲೀಸಾಗಿ ಏರಿಸಿದರು. ಆಗ ನಾನು ಮಾಡಬೇಕಾದ್ದು ಎರಡೇ: ಕೈಯನ್ನು ಚಕ್ರದಿಂದ ದೂರ ಇಟ್ಟುಕೊಳ್ಳುವುದು, ಪಾದ ಕೆಳಗೆ ಎಳೆಯದ ಹಾಗೆ ನೋಡಿಕೊಳ್ಳುವುದು.

ಕ್ಯಾಬಿನ್ ಬಾಗಿಲು ಕಿರಿದಾಗಿತ್ತು. ಕುರ್ಚಿಯನ್ನು ಹೊರಗೆ ಮಡಚಿ ಒಳಗೆ ತಂದೆವು. ಮಾಮೂಲಿ ಕ್ಯಾಬಿನ್ ತೆಗೆದುಕೊಳ್ಳುವವರು ಮಡಚುವ ಕುರ್ಚಿಯನ್ನೇ ತರಬೇಕು, ಓಣಿಯಲ್ಲಿ ಬಿಡಲು ಒಪ್ಪುವುದಿಲ್ಲ. ಬಚ್ಚಲಿನ ಹೊಸ್ತಿಲು ನಾಲ್ಕು ಬೆರಳು ಎತ್ತರ. ಅದನ್ನು ನಾನು ದಾಟುತ್ತಿದ್ದ ಕ್ರಮ ಹೇಳುತ್ತೇನೆ, ಯಾಕೆಂದರೆ ಇಡೀ ಹಡಗಿನಲ್ಲಿ ಬೀಳಲು ಅತಿ ಸುಲಭವಾದ ಜಾಗ ಇದೇ. ಮೊದಲು ಒಳಗಿನ ದೀಪ ಹಾಕುವುದು. ನೆಲದಲ್ಲಿ ನೀರಿದ್ದರೆ ಟವೆಲಿನಿಂದ ಒರೆಸಿಸಿ, ಆ ಟವೆಲನ್ನು ಎತ್ತಿಬಿಡುವುದು, ನೆಲದಲ್ಲಿ ಬಿಟ್ಟರೆ ಅದೇ ಜಾರುತ್ತದೆ. ಬಲಗೈಯಲ್ಲಿ ಬಾಗಿಲ ಚೌಕಟ್ಟನ್ನು ಹಿಡಿಯುವುದು, ಬಾಗಿಲನ್ನಲ್ಲ, ಹಡಗು ವಾಲಿದರೆ ಬಾಗಿಲು ತೂಗುತ್ತದೆ. ಎಡಗಾಲು ಒಳಗೆ, ಆಮೇಲೆ ಕೋಲು ಮತ್ತು ಬಲಗಾಲು ಒಟ್ಟಿಗೆ. ಹೊರಬರುವಾಗಲೂ ಎಡಗಾಲೇ ಮೊದಲು ಹೊಸ್ತಿಲು ಹತ್ತಬೇಕು. ಸ್ಟೂಲ್ ಕೇಳಿ ಇಡಿಸಿಕೊಂಡಿದ್ದೆ, ಕೂತೇ ಸ್ನಾನ. ರಾತ್ರಿ ಎದ್ದರೆ ಎಡವದ ಹಾಗೆ ಬಚ್ಚಲಿನ ದೀಪವನ್ನು ಹಾಗೆಯೇ ಉರಿಸಿಟ್ಟು ಬಾಗಿಲು ಸ್ವಲ್ಪ ತೆರೆದಿಡುತ್ತಿದ್ದೆ.

ಹೊರಡುವ ಮೊದಲು ಎಲ್ಲರಿಗೂ ಸುರಕ್ಷತೆಯ ತಾಲೀಮು ಇರುತ್ತದೆ. ಇದನ್ನು ಕಾಲುನೋವಿನ ನೆಪ ಹೇಳಿ ತಪ್ಪಿಸಬೇಡಿ. 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾನ್ಕಾರ್ಡಿಯಾ ಹಡಗು ಬಂಡೆಗೆ ಬಡಿದು ವಾಲಿ 32 ಜನ ಸತ್ತರು. ಅಂದು ಹೊಸದಾಗಿ ಹತ್ತಿದವರಿಗೆ ಇನ್ನೂ ತಾಲೀಮು ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು, 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಇದು ಆಗಲೇಬೇಕು. ಏಳು ಸಣ್ಣ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಎಲ್ಲರೂ ತಮಗೆ ಹೇಳಿದ ಜಾಗದಲ್ಲಿ ಸೇರಬೇಕು. ಆಗ ಲಿಫ್ಟ್ ಬಳಸುವ ಹಾಗಿಲ್ಲ. ನಮ್ಮಂಥವರಿಗೆ ಮುಖ್ಯವಾದ ಪ್ರಶ್ನೆ ಅದೇ: ಲಿಫ್ಟ್ ಇಲ್ಲದೆ ನನ್ನನ್ನು ಮೇಲೆ ಕರೆದುಕೊಂಡು ಹೋಗುವವರು ಯಾರು? ನಾನು ಸಿಬ್ಬಂದಿಯನ್ನು ಕೇಳಿದೆ. ನನ್ನ ಕ್ಯಾಬಿನ್ ನಂಬರ್ ಬರೆದುಕೊಂಡರು, ಸಹಾಯಕ್ಕೆ ಬರುವ ಇಬ್ಬರನ್ನು ಕರೆದು ಮುಖ ತೋರಿಸಿದರು. ಆ ಮೇಲೆ ನಾನು ನಿಶ್ಚಿಂತೆಯಿಂದ ನಿದ್ದೆ ಮಾಡಿದೆ. ನೀವು ಕೇಳದಿದ್ದರೆ ಅವರಾಗಿ ಹೇಳುತ್ತಾರೆ ಎಂದು ಕಾಯಬೇಡಿ.

ಸಂಜೆ ಹಡಗು ಹೊರಟಾಗ ನಾನು ಮೇಲಿನ ಡೆಕ್ಕಿನಲ್ಲಿದ್ದೆ. ಒಂದು ಬದಿಗೆ ಫೋರ್ಟ್ ಕೊಚ್ಚಿಯ ಚೀನೀ ಬಲೆಗಳು, ಇನ್ನೊಂದು ಬದಿಗೆ ವೈಪಿನ್, ನಡುವಿನ ಅಳಿವೆಯಲ್ಲಿ ಹಡಗು ನಿಧಾನಕ್ಕೆ ಸಮುದ್ರಕ್ಕೆ ಇಳಿಯಿತು. ದಡದಲ್ಲಿ ನಿಂತ ಮಕ್ಕಳು ಕೈ ಬೀಸುತ್ತಿದ್ದರು. ತಿಂಗಳುಗಟ್ಟಲೆ ಕಿಟಕಿಯಲ್ಲಿ ಅಡಿಕೆ ಮರಗಳನ್ನೇ ನೋಡುತ್ತಿದ್ದವಳಿಗೆ ಕಣ್ಣು ತುಂಬಿ ಬಂತು.

ಮರುದಿನ ಬೆಳಗ್ಗೆ ಬೇಗ ಎಚ್ಚರವಾಯಿತು. ಇವರು ಮಲಗಿದ್ದರು, ಎಬ್ಬಿಸಲಿಲ್ಲ. ಕೋಲು ಹಿಡಿದು ಓಣಿಗೆ ಬಂದೆ. ಹಡಗಿನ ಓಣಿಯ ಗೋಡೆಗೆ ಉದ್ದಕ್ಕೂ ಹಿಡಿದುಕೊಳ್ಳಲು ಸರಳು ಇರುತ್ತದೆ. ಬಲಗೈ ಸರಳಿನ ಮೇಲೆ, ಎಡಗೈಯಲ್ಲಿ ಕೋಲು. ಲಿಫ್ಟಿನಲ್ಲಿ ಮೇಲೆ ಹೋದೆ. ಒಂದು ಕಪ್ ಚಹಾ ಕೇಳಿದೆ, ಕಿಟಕಿ ಹತ್ತಿರ ಕೂತು ಕುಡಿದೆ, ಬೇಕಾದಷ್ಟು ಹೊತ್ತು ಕೂತೆ, ಹಾಗೆಯೇ ಕೆಳಗೆ ಬಂದೆ. ಇಷ್ಟೇ. ಇದನ್ನು ಓದುವ ಆರೋಗ್ಯವಂತರಿಗೆ ಇದರಲ್ಲೇನು ವಿಶೇಷ ಅನಿಸಬಹುದು. ಎಲ್ಲದಕ್ಕೂ ಇನ್ನೊಬ್ಬರನ್ನು ಕರೆದು ಕರೆದು ಸೋತವರಿಗೆ ಗೊತ್ತಾಗುತ್ತದೆ. ಮನೆಯವರು ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ, ನಾವಾಗಿ ಎದ್ದು ಹೋಗುವ ಸಂತೋಷವನ್ನು ಅವರು ಕೊಡಲಾರರು.

ಊಟದ ಜಾಗದಲ್ಲಿ ಒಂದು ತೊಂದರೆ. ಬಫೆ, ಅಂದರೆ ತಟ್ಟೆ ಹಿಡಿದು ನಡೆಯಬೇಕು. ಕೋಲು ಹಿಡಿದವರಿಗೆ ಅದು ಆಗದು. ಹೆಗಲಿಗೆ ಅಡ್ಡ ಹಾಕುವ ಚೀಲ ಇದ್ದರೆ ನೀರಿನ ಬಾಟಲಿ, ಮಾತ್ರೆ, ಕನ್ನಡಕ ಎಲ್ಲ ಅದರಲ್ಲಿ. ತಟ್ಟೆಗೆ ಸಿಬ್ಬಂದಿಯನ್ನೇ ಕೇಳಬೇಕು, ಖುಷಿಯಿಂದ ತಂದುಕೊಡುತ್ತಾರೆ. ಜನ ಮುಗಿದ ಮೇಲೆ, ಇಲ್ಲವೇ ಶುರುವಾಗುವ ಹೊತ್ತಿಗೆ ಹೋದರೆ ನೂಕುನುಗ್ಗಲಿಲ್ಲ. ಉಪ್ಪು ಜಾಸ್ತಿ ಇರುವ ಉಪ್ಪಿನಕಾಯಿ, ಹಪ್ಪಳ, ಸೂಪು ನಾನು ಬಿಟ್ಟೆ. ಉಪ್ಪು ಜಾಸ್ತಿಯಾದರೆ ಬಾವು ಬೇಗ ಇಳಿಯುವುದಿಲ್ಲ. ಹಾಗೆಯೇ ಏಸಿಯ ಚಳಿಗೆ ಪ್ಲೇಟ್ ಹಾಕಿದ ಜಾಗ ಬಿಗಿಯುತ್ತದೆ, ಉಣ್ಣೆಯ ಕಾಲುಚೀಲ ಬೇಕೇ ಬೇಕು. ಆದರೆ ಬರೀ ಕಾಲುಚೀಲದಲ್ಲಿ ನಡೆಯಬೇಡಿ.

ಡೆಕ್ಕಿಗೆ ಹೋಗುವ ಬಾಗಿಲುಗಳು ಭಾರ, ಗಾಳಿ ಒತ್ತುತ್ತಿದ್ದರೆ ಇನ್ನೂ ಭಾರ. ಒಂದು ಕೈಯಲ್ಲಿ ಕೋಲಿದ್ದವರು ಒಬ್ಬರೇ ತೆರೆಯಲು ಹೋಗಬೇಡಿ. ಬೆಳಗ್ಗೆ ಡೆಕ್ ತೊಳೆದು ಒದ್ದೆಯಾಗಿರುತ್ತದೆ, ಬಿಸಿಲು ಬಿದ್ದು ಒಣಗಿದ ಮೇಲೆ ಹೋಗುವುದು ಒಳ್ಳೆಯದು. ಒಳಗಿನ ದಪ್ಪ ಕಾರ್ಪೆಟ್ಟಿನಲ್ಲಿ ವೀಲ್‌ಚೇರ್ ತಳ್ಳುವುದು ನಾವು ಎಣಿಸಿದ್ದಕ್ಕಿಂತ ಕಷ್ಟ, ಇವರ ತೋಳು ನೋವು ಬಂತು. ವಾಂತಿ ಬಾರದ ಹಾಗೆ ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಹಲವು ಮಂಪರು ತರಿಸುತ್ತವೆ. ಕೋಲು ಹಿಡಿದವರಿಗೆ ಮಂಪರು ಎಂದರೆ ಬೀಳುವ ದಾರಿ. ನಿಮ್ಮ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಕಡಮತ್ ಬಂತು. ಕೊಚ್ಚಿಯಿಂದ ಸುಮಾರು 400 ಕಿಲೋಮೀಟರ್. ಇಂಥ ದೊಡ್ಡ ಹಡಗು ಇಲ್ಲಿ ದಡಕ್ಕೆ ಹೋಗುವುದಿಲ್ಲ. ಹವಳದ ದಿಬ್ಬದ ಹೊರಗೆ ಆಳ ನೀರಿನಲ್ಲಿ ನಿಲ್ಲುತ್ತದೆ, ಜನರು ಸಣ್ಣ ದೋಣಿಗೆ ಇಳಿದು ಹೋಗಬೇಕು. ನಾನು ಬಾಗಿಲ ಹತ್ತಿರದ ತನಕ ಹೋಗಿ ನೋಡಿದೆ. ದೋಣಿ ಅಲೆಗೆ ಒಮ್ಮೆ ಮಂಡಿಯೆತ್ತರ ಮೇಲೆ ಬರುತ್ತದೆ, ಮತ್ತೆ ಕೆಳಗೆ ಹೋಗುತ್ತದೆ. ಮೇಲೆ ಬಂದ ಆ ಒಂದು ಕ್ಷಣದಲ್ಲಿ ದೋಣಿಯವರು ತೋಳು ಹಿಡಿದು "ಈಗ" ಎನ್ನುತ್ತಾರೆ, ಆಗಲೇ ಕಾಲಿಡಬೇಕು. ಎರಡೂ ಕಾಲು ಸರಿಯಿದ್ದವರೂ ತಡವರಿಸುತ್ತಿದ್ದರು. ಡಾಕ್ಟರು ಯಾಕೆ ಮಾತು ತೆಗೆದುಕೊಂಡರೆಂದು ಅರ್ಥವಾಯಿತು. ಸರಕಾರಿ ಹಡಗಿನ 'ಸಮುದ್ರಂ' ಪ್ಯಾಕೇಜಿನಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ತೋರಿಸುತ್ತಾರೆ, ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಅಂದರೆ ದಿನಾ ಹೀಗೆ ಇಳಿದು ಹತ್ತುವುದೇ ಅದರ ಉದ್ದೇಶ. ಕಾಲು ಪೂರ್ತಿ ಗುಣವಾಗದವರಿಗೆ ಅದು ಹೊಂದದು, ಎರಡೂ ಕಾಲು ಗಟ್ಟಿಯಾದ ಮೇಲೆ ಹೋಗಿ.

ಇವರೂ ಉಳಿಯುತ್ತೇನೆ ಎಂದರು. "ನೀವು ಹೋಗಿ ಬನ್ನಿ, ನಾನು ಇಲ್ಲೇ ನೋಡುತ್ತಿರುತ್ತೇನೆ" ಎಂದು ಒತ್ತಾಯ ಮಾಡಿ ತಂಗಿ, ಭಾವನ ಜೊತೆ ಕಳಿಸಿದೆ. ಹಡಗು ಖಾಲಿಯಾಯಿತು. ಲಿಫ್ಟಿಗೆ ಕಾಯಬೇಕಿಲ್ಲ, ಡೆಕ್ಕಿನಲ್ಲಿ ಬೇಕಾದ ಕುರ್ಚಿ. ಅಲ್ಲಿಂದ ಕಡಮತ್ ಪೂರ್ತಿ ಕಾಣುತ್ತದೆ. ಸುಮಾರು 9 ಕಿಲೋಮೀಟರ್ ಉದ್ದ, ಅಗಲ ಇದ್ದಲ್ಲಿ ಅರ್ಧ ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಹತ್ತಿರದಲ್ಲಿ ಕಡುನೀಲಿ ನೀರು, ದಿಬ್ಬದ ಮೇಲೆ ಬಿಳಿ ನೊರೆಯ ಗೆರೆ, ಅದರಾಚೆ ಒಮ್ಮೆಗೇ ತಿಳಿಹಸುರು, ಆಮೇಲೆ ಮರಳು, ತೆಂಗು. ಇಷ್ಟು ದೂರದ ಈ ನೆಲವನ್ನು ಒಂದು ಕಾಲದಲ್ಲಿ ಮಂಗಳೂರಿನ ಕಚೇರಿಯಿಂದ ನೋಡಿಕೊಳ್ಳುತ್ತಿದ್ದರಲ್ಲ, ಆಗ ಹಾಯಿ ಹಡಗಿನಲ್ಲಿ ಹಗ್ಗ, ಕೊಬ್ಬರಿ ತುಂಬಿಕೊಂಡು ನಮ್ಮ ಕರಾವಳಿಗೆ ಬರುತ್ತಿದ್ದವರಿಗೆ ಎಷ್ಟು ಧೈರ್ಯ ಬೇಕಿತ್ತು ಎಂದು ಯೋಚಿಸುತ್ತಾ ಕೂತೆ. ದ್ವೀಪಕ್ಕೆ ಕಾಲಿಡಲಿಲ್ಲ ಎಂಬ ಬೇಸರ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಇತ್ತು. ಆದರೆ ಅಷ್ಟು ಹೊತ್ತು ಬಿಡುವಾಗಿ ನೋಡುವ ಅವಕಾಶ ದ್ವೀಪಕ್ಕೆ ಹೋದವರಿಗೂ ಸಿಗಲಿಲ್ಲ. ಖಾಲಿ ಓಣಿಯಲ್ಲಿ ಸರಳು ಹಿಡಿದು ಫಿಸಿಯೋ ಹುಡುಗಿ ಹೇಳಿಕೊಟ್ಟ ವ್ಯಾಯಾಮವನ್ನೂ ಮಾಡಿದೆ.

ಮುಂಬೈಯಲ್ಲಿ ಇಳಿಯುವಾಗ ಅವಸರ ಮಾಡದೆ ಕೊನೆಗೆ ಇಳಿದೆವು. ಕುರ್ಚಿಯನ್ನು ಹಿಮ್ಮುಖವಾಗಿಯೇ ಇಳಿಸಿದರು. ಅಲ್ಲಿಂದ ಮಂಗಳೂರಿಗೆ ವಿಮಾನ. ರೈಲಾದರೆ ರಾತ್ರಿಯಿಡೀ ಪ್ರಯಾಣ ಮಾಡಬೇಕಿತ್ತು, ಮೇಲಾಗಿ ನನ್ನಂಥ ತಾತ್ಕಾಲಿಕ ಗಾಯಕ್ಕೆ ಅಂಗವಿಕಲರ ರಿಯಾಯಿತಿಯೂ ಇಲ್ಲ. ವಿಮಾನದವರಿಗೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಬೇಕೆಂದು ಹೇಳಿಡಬೇಕು. ಪ್ರಯಾಣ ವಿಮೆ ಮಾಡಿಸುವವರು ಒಂದು ಸಾಲು ಹುಡುಕಿ ಓದಿ: ವಿಮೆಗೆ ಮೊದಲೇ ಇದ್ದ ಗಾಯಕ್ಕೆ ಖರ್ಚು ಕೊಡುತ್ತಾರೋ ಇಲ್ಲವೋ. ಎಷ್ಟೋ ಪಾಲಿಸಿಗಳು ಕೊಡುವುದಿಲ್ಲ. ಹಡಗಿನ ಡಾಕ್ಟರ ಫೀಸು ಬೇರೆಯೇ.

ಇದನ್ನೆಲ್ಲ ಕೇಳಿದ ನಮ್ಮ ಕಡೆಯವರು, "ಅಷ್ಟು ದೂರ ಯಾಕೆ, ಮೊದಲು ನೀಲೇಶ್ವರದ ಹೌಸ್‌ಬೋಟಿಗೆ ಹೋಗಬಹುದಿತ್ತಲ್ಲ" ಎನ್ನುತ್ತಾರೆ. ಸಣ್ಣದು ಸುಲಭ ಎಂದು ಎಲ್ಲರಿಗೂ ಅನಿಸುತ್ತದೆ. ನಿಜ ಹೇಳಬೇಕೆಂದರೆ ಮುರಿದ ಕಾಲಿಗೆ ದೊಡ್ಡ ಹಡಗೇ ಸುಲಭ. ಕೋಟ್ಟಪ್ಪುರಂ ಕಡವಿನಿಂದ ತೇಜಸ್ವಿನಿ ಹೊಳೆಯಲ್ಲಿ ಇಳಿದು ವಲಿಯಪರಂಬ ಹಿನ್ನೀರಿಗೆ ಹೋಗುವ ಆ ದಾರಿ ಬಹಳ ಚಂದ. ಕೋಲು ಬಿಟ್ಟ ಮೇಲೆ ನಾವು ಹೋಗಿ ಬಂದೆವು. ನೀರು ಅಲುಗುವುದೇ ಇಲ್ಲ, ಎರಡೂ ಬದಿ ತೆಂಗು, ಪಡನ್ನದ ಹತ್ತಿರ ಹಗ್ಗ ಇಳಿಬಿಟ್ಟು ಪಚ್ಚಿಲೆ ಎಂಬ ಚಿಪ್ಪುಮೀನು ಬೆಳೆಸುತ್ತಾರೆ. ಆದರೆ ದಡದಿಂದ ದೋಣಿಗೆ ಕಾಲಿಡುವಾಗ ಹಿಡಿಯಲು ಏನೂ ಇರುವುದಿಲ್ಲ, ಒಳಗೆ ಬಚ್ಚಲು ಇಕ್ಕಟ್ಟು, ಮೇಲಿನ ಅಂತಸ್ತಿಗೆ ಕಡಿದಾದ ಏಣಿ. ಕೋಲು ಹಿಡಿದೇ ಹೋಗಬೇಕು ಎನ್ನುವವರು ಮೇಲಿನ ಅಂತಸ್ತು ಇಲ್ಲದ ದೋಣಿಯನ್ನೇ ಕೇಳಿ. ದೋಣಿಯವರಿಂದ ಎರಡು ಫೋಟೋ ತರಿಸಿಕೊಳ್ಳಿ, ಒಂದು ಹತ್ತುವ ಜಾಗದ್ದು, ಇನ್ನೊಂದು ಬಚ್ಚಲಿನ ಬಾಗಿಲಿನದ್ದು. ಅವೆರಡನ್ನು ನೋಡಿದ ಮೇಲೆ ಮುಂಗಡ ಕೊಡಿ.